ಬರೆಯುವುದು ಬಿಟ್ಟು ಏಳು ವರ್ಷ. ಈಗ ಕೂತರೆ ಕೈ ಓಡುತ್ತಿಲ್ಲ

ಒಗ್ಗರಣೆ ಡಬ್ಬಿ (ಮೈಸೂರು) · ಜೂನ್ 7, ರಾತ್ರಿ 9:52

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬಾಯಿ ಬಿಡುತ್ತಿರುವುದು ಇವತ್ತೇ ಮೊದಲು.

ನಾನು ಸರಸ್ವತಿಪುರಂನವಳು. ವಯಸ್ಸು 49. ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಮೊದಲು ಕತೆ ಬರೆಯುತ್ತಿದ್ದೆ. ಹತ್ತು ವರ್ಷದಲ್ಲಿ ಹದಿನಾಲ್ಕು ಕತೆ. ಐದಾರು ವಾರಪತ್ರಿಕೆಗಳಲ್ಲೂ ಬಂದವು. ಎಲ್ಲ ಸೇರಿಸಿ ಪುಸ್ತಕ ಮಾಡೋಣ ಅಂತ ಒಬ್ಬ ಪ್ರಕಾಶಕರು ಹೇಳಿದರು. ನನ್ನಿಂದಲೇ 45 ಸಾವಿರ ತೆಗೆದುಕೊಂಡರು. 500 ಪ್ರತಿ. ಪುಸ್ತಕ ಕೈಗೆ ಬಂದು ನೋಡಿದರೆ ಆರನೇ ಕತೆಯ ಕೊನೆಯ ಪುಟವೇ ಇಲ್ಲ. ಕತೆ "ಆಗ ಅವಳು" ಅಂತ ನಿಂತುಬಿಟ್ಟಿದೆ. ಪಕ್ಕದ ಪುಟದಲ್ಲಿ ಏಳನೇ ಕತೆ ಶುರು. ಫೋನ್ ಮಾಡಿ ಕೇಳಿದರೆ, "ಓದುಗರು ಊಹಿಸಿಕೊಳ್ಳುತ್ತಾರೆ ಬಿಡಿ ಮೇಡಂ, ಈಗ ಅದೇ ಫ್ಯಾಷನ್" ಅಂದರು.

ಜಗಳ ಆಡಲು ನನಗೆ ಬರುವುದಿಲ್ಲ. ನೂರು ಚಿಲ್ಲರೆ ಪ್ರತಿ ನೆಂಟರಿಗೆ, ಆಫೀಸಿನವರಿಗೆ ಹಂಚಿದೆ. ಉಳಿದವು ಮಂಚದ ಕೆಳಗೆ ನಾಲ್ಕು ರಟ್ಟಿನ ಡಬ್ಬದಲ್ಲಿವೆ. ಅದರಲ್ಲಿ ಒಂದನ್ನು ಮಗಳು ಹೊರಗೆಳೆದು ಮೇಲೆ ವೈಫೈ ಪೆಟ್ಟಿಗೆ ಇಟ್ಟಿದ್ದಾಳೆ. ನಮ್ಮ ಮನೆಗೆ ಸಾಹಿತ್ಯದಿಂದ ಆದ ಉಪಯೋಗ ಅಷ್ಟೇ. ಸಿಗ್ನಲ್ ಅಡುಗೆಮನೆ ತನಕ ಬರುತ್ತದೆ.

ಈಗ ಮಗಳು ಪುಣೆಗೆ ಹೋದಳು. ಸಂಜೆ ಏಳಾದರೆ ಮನೆಯವರು ಟಿವಿ ಮುಂದೆ. ನನಗೆ ಬರೆಯಬೇಕು ಅನ್ನಿಸುತ್ತದೆ. ಕೂರುತ್ತೇನೆ. ಒಂದು ಸಾಲು ಬರೆಯುತ್ತೇನೆ. ಇದನ್ನು ಯಾರು ಓದುತ್ತಾರೆ ಅನ್ನಿಸಿ ಅಳಿಸುತ್ತೇನೆ. ಮೂರು ತಿಂಗಳಿಂದ ಇದೇ ಕತೆ. ಮೊದಲೆಲ್ಲ ಬರೆಯಲು ಕೂತರೆ ಕುಕ್ಕರ್ ಕೂಗಿದ್ದೂ ಕೇಳಿಸುತ್ತಿರಲಿಲ್ಲ. ಯಾರಿಗಾದರೂ ಹೀಗಾಗಿ ಮತ್ತೆ ಸರಿಹೋಗಿದೆಯಾ?

ಮೂರನೇ ಬೆಂಚು · ಜೂನ್ 7, ರಾತ್ರಿ 10:05

ಕುಕ್ಕರಹಳ್ಳಿ ಕೆರೆ ಮೇಲೆ ದಿನಾ ಒಂದು ಸುತ್ತು ಹಾಕಿ. ಕುವೆಂಪು ಅವರೂ ಅಲ್ಲೇ ವಾಕ್ ಮಾಡುತ್ತಿದ್ದರು.

ಕಿಟಕಿ ಸೀಟು (ಮಂಡ್ಯ) · ಜೂನ್ 7, ರಾತ್ರಿ 10:31

ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ನನಗೆ ಮನೆಯಲ್ಲಿ ಒಂದಕ್ಷರ ಬರುವುದಿಲ್ಲ. ರೈಲಿನಲ್ಲಿ ಬರುತ್ತದೆ. ಯಲಿಯೂರು ದಾಟಿದ ಮೇಲೆ ಪುಸ್ತಕ ತೆಗೆಯುತ್ತೇನೆ. ಪಾಂಡವಪುರ ತನಕ ಅಕ್ಷರ ಚೆನ್ನಾಗಿರುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಹೊಳೆ ಸೇತುವೆ ಮೇಲೆ ಗಾಡಿ ಅಲುಗಾಡಿ, ಆ ನಾಲ್ಕು ಸಾಲು ಡಾಕ್ಟರ ಚೀಟಿ ಥರ ಆಗಿರುತ್ತದೆ. ಎಷ್ಟೋ ವರ್ಷ ಆದಮೇಲೂ ಪುಟ ನೋಡಿದರೆ ಕಾವೇರಿ ಎಲ್ಲಿ ಬಂತು ಅಂತ ಹೇಳಬಲ್ಲೆ.

ನಾಗನಹಳ್ಳಿ ಬಂತು ಅಂದರೆ ಪುಸ್ತಕ ಮುಚ್ಚಲೇಬೇಕು. ವಾಕ್ಯ ಅರ್ಧ ಇದ್ದರೂ ಸರಿ. ಮಾರನೇ ದಿನ ಆ ಅರ್ಧ ವಾಕ್ಯವೇ ಕೈ ಹಿಡಿದು ಎಳೆಯುತ್ತದೆ. ಎಲ್ಲ ಸಲವೂ ಅಲ್ಲ ಮತ್ತೆ. ಒಮ್ಮೆ "ಅವಳು ಬಾಗಿಲು ತೆಗೆದಾಗ" ಅಂತ ಬಿಟ್ಟು, ಮಧ್ಯೆ ಹಬ್ಬದ ರಜೆ ಬಂದು, ವಾಪಸ್ ಬಂದರೆ ಅವಳು ಯಾರು ಅಂತಲೇ ಮರೆತಿತ್ತು. ಇವತ್ತಿಗೂ ಬಾಗಿಲು ತೆಗೆದುಕೊಂಡು ನಿಂತೇ ಇದ್ದಾಳೆ ಪಾಪ.

ನಿವೃತ್ತ ಮೇಷ್ಟ್ರು (ಕೆ.ಆರ್.ಪೇಟೆ) · ಜೂನ್ 8, ಬೆಳಿಗ್ಗೆ 5:48

ತಾಯಿ, 49 ಅನ್ನುವುದು ಒಂದು ವಯಸ್ಸೇ? ನಮ್ಮ ತಾಲೂಕಿನ ಅಕ್ಕಿಹೆಬ್ಬಾಳಿನಲ್ಲಿ ಹುಟ್ಟಿದ ಎ.ಎನ್. ಮೂರ್ತಿರಾಯರು 1900ನೇ ಇಸವಿಯವರು. ದೇವರ ಬಗ್ಗೆ ಅಷ್ಟು ಚರ್ಚೆಯಾದ ಅವರ ಪುಸ್ತಕ ಬಂದದ್ದು 1991ರಲ್ಲಿ. ಲೆಕ್ಕ ನೀವೇ ಹಾಕಿ, ಲೆಕ್ಕದವರಲ್ಲವೇ. ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಗಳು ಸರ್ಕಾರಿ ಕಚೇರಿಯ ಫೈಲುಗಳ ನಡುವೆ ಇದ್ದುಕೊಂಡೇ ಜೀವನವಿಡೀ ಕವಿತೆ ಬರೆದರು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ ನಡೆದ 87ನೇ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದ ಗೊ.ರು. ಚನ್ನಬಸಪ್ಪನವರಿಗೆ ಆಗ 94 ವರ್ಷ. ನಾನು 1994ರ ಮಂಡ್ಯ ಸಮ್ಮೇಳನಕ್ಕೂ ಹೋಗಿದ್ದೆ, ಇದಕ್ಕೂ ಹೋಗಿದ್ದೆ. ಈ ಸಲ ಜನ ಪುಸ್ತಕಕ್ಕಿಂತ ಬಾಡೂಟದ ಬಗ್ಗೆಯೇ ಜಾಸ್ತಿ ಮಾತಾಡಿದರು, ಅದಿರಲಿ. ಧೈರ್ಯವಾಗಿ ಬರೆಯಿರಿ.

ಕಹಿಬೇವು (ಮೈಸೂರು) · ಜೂನ್ 8, ಬೆಳಿಗ್ಗೆ 8:20

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ದೊಡ್ಡವರ ಹೆಸರು ಹೇಳಿದರೆ ನಮ್ಮಂಥವರಿಗೆ ಇನ್ನೂ ಕುಗ್ಗಿ ಹೋಗುತ್ತದೆ. ಮೂರ್ತಿರಾಯರು 91ನೇ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಬರೆಯಲು ಕೂತವರಲ್ಲ. ಅದಕ್ಕೆ ಮೊದಲಿನಿಂದಲೂ ಬರೆಯುತ್ತಲೇ ಇದ್ದವರು. ಇನ್ನೊಂದು ಕಡೆ ನಮ್ಮ ಚಾಮರಾಜಪುರಂನ ತ್ರಿವೇಣಿಯವರನ್ನು ನೋಡಿ. 1963ರಲ್ಲಿ ಹೋದಾಗ ಅವರಿಗೆ 35 ಕೂಡ ತುಂಬಿರಲಿಲ್ಲ. ಅಷ್ಟರಲ್ಲಿ ಅಷ್ಟೊಂದು ಕಾದಂಬರಿ. ಹಾಗಾಗಿ ವಯಸ್ಸಿನ ಲೆಕ್ಕ ಎತ್ತ ಹಾಕಿದರೂ ಸಮಾಧಾನ ಸಿಗುವುದಿಲ್ಲ.

ಮೇಡಂ, ನಾನು ನೇರ ಕೇಳುತ್ತೇನೆ. ಬರೆಯಲೇಬೇಕು ಅಂತ ಏನಿದೆ? ಬಿಟ್ಟರೆ ಆಗುವ ನಷ್ಟ ಏನು? ನಾನು ಹನ್ನೆರಡು ವರ್ಷ ಕವಿತೆ ಬರೆದೆ. ದಸರಾ ಕವಿಗೋಷ್ಠಿಯಲ್ಲಿ ಒಂದು ಸಲ ಓದಿದೆ ಕೂಡ. ಮುಂದಿನ ಸಾಲಿನಲ್ಲಿ ಕೂತವರು ಮುಂದಿನ ಕವಿಗಳೇ, ತಮ್ಮ ಹಾಳೆ ನೋಡಿಕೊಳ್ಳುತ್ತಿದ್ದರು. ಬಿಟ್ಟೆ. ಈಗ ನೆಮ್ಮದಿಯಾಗಿ ಗಿಡಕ್ಕೆ ನೀರು ಹಾಕುತ್ತೇನೆ.

ಕಿಟಕಿ ಸೀಟು · ಜೂನ್ 8, ಬೆಳಿಗ್ಗೆ 8:41

ಗಿಡಕ್ಕೆ ನೀರು ಹಾಕುವವರು ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಬರೆಯುವ ವಿಷಯದಲ್ಲಿ ಇಷ್ಟುದ್ದ ಬರೆಯುತ್ತಾರಾ ಸಾರ್?

ಬೆಲ್ಲದ ಅಚ್ಚು (ಪಾಂಡವಪುರ) · ಜೂನ್ 8, ಮಧ್ಯಾಹ್ನ 2:15

ನನ್ನ ಅನುಭವ ಹೇಳುತ್ತೇನೆ. ನಮ್ಮದು ಆಲೆಮನೆ. ಪಿಯುಸಿಯಲ್ಲಿದ್ದಾಗ ಏನೋ ಗೀಚುತ್ತಿದ್ದೆ, ಆಮೇಲೆ ಬಿಟ್ಟುಹೋಗಿತ್ತು. ಹೋದ ವರ್ಷ ಅಣ್ಣನ ಮಗ ಮೊಬೈಲಿನಲ್ಲಿ ಆ ಹೊಸ ಎಐ ತೋರಿಸಿ, "ಚಿಕ್ಕಪ್ಪ, ಆಲೆಮನೆ ಬಗ್ಗೆ ಕತೆ ಬರಿ ಅಂದರೆ ಅದೇ ಬರೆಯುತ್ತದೆ ನೋಡಿ" ಅಂದ. ಬರೆಯಿತು. ಎರಡು ನಿಮಿಷದಲ್ಲಿ ಎರಡು ಪುಟ. ಕಾಗುಣಿತ ತಪ್ಪಿಲ್ಲ. ಬೆಲ್ಲದ ಸಿಹಿಯಂತೆ ನೆನಪು, ನೆನಪಿನಂತೆ ಹೊಗೆ, ಅದೂ ಇದೂ. ಆದರೆ ಅಷ್ಟು ದೊಡ್ಡ ಕೊಪ್ಪರಿಗೆ ಪಕ್ಕದಲ್ಲಿ ನಿಂತವರಿಗೆ ಒಬ್ಬರಿಗೂ ಸೆಖೆಯೇ ಆಗಿಲ್ಲ!

ಮೈ ಉರಿದು ಹೋಯಿತು. ಹಾಲಿನ ಲೆಕ್ಕದ ಪುಸ್ತಕ ತೆಗೆದುಕೊಂಡು ಅದರ ಹಿಂದಿನ ಪುಟದಲ್ಲಿ ಬರೆದೆ. ಬೆಂಡೆ ಗಿಡ ಜಜ್ಜಿ ನೀರಲ್ಲಿ ಹಿಸುಕಿ ಲೋಳೆ ತೆಗೆಯುವುದು. ಅದನ್ನು ಕುದಿಯುವ ಕಬ್ಬಿನ ಹಾಲಿಗೆ ಹಾಕಿದರೆ ಕೊಳೆಯೆಲ್ಲ ಕಪ್ಪು ನೊರೆಯಾಗಿ ಮೇಲೆ ಬರುವುದು. ಅದನ್ನು ಬಾಚಿ ಬಾಚಿ ತೆಗೆಯುವಾಗ ಮುಖಕ್ಕೆ ಹೊಡೆಯುವ ಹಬೆ. ಪಾಕ ಬಂತಾ ಅಂತ ಒಂದು ತೊಟ್ಟು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡುವಾಗ ನಮ್ಮಪ್ಪ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದು. ಯಾಕೆ ಮುಚ್ಚಿಕೊಳ್ಳುತ್ತಿದ್ದರೋ ಇವತ್ತಿಗೂ ಗೊತ್ತಿಲ್ಲ. ಹನ್ನೆರಡು ಸಾಲು ಆಯಿತು. ಖುಷಿಯಿಂದ ಬರೆದದ್ದಲ್ಲ, ಸಿಟ್ಟಿನಿಂದ. ಬರೆದ ಮೇಲೆ ಖುಷಿಯಾಯಿತು.

ಒಗ್ಗರಣೆ ಡಬ್ಬಿ · ಜೂನ್ 22, ರಾತ್ರಿ 9:30

ಎರಡು ವಾರ ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ವರದಿ ಒಪ್ಪಿಸುತ್ತೇನೆ.

ಕುಕ್ಕರಹಳ್ಳಿ ಕೆರೆ: ನಾಲ್ಕು ದಿನ ಹೋದೆ. ಹೆಜ್ಜಾರ್ಲೆ ಹಕ್ಕಿಗಳು ಚೆನ್ನಾಗಿದ್ದವು. ದಿನಾ ಯಾರಾದರೂ ಪರಿಚಯದವರು ಸಿಕ್ಕಿ ಮಂಡಿ ನೋವಿನ ಮಾತು ಶುರುವಾಗುತ್ತಿತ್ತು. ಕುವೆಂಪು ಅವರನ್ನು ಯಾರೂ ನಿಲ್ಲಿಸಿ ಮಂಡಿ ನೋವಿಗೆ ಏನು ಹಚ್ಚುತ್ತೀರಿ ಅಂತ ಕೇಳಿರಲಾರರು.

ಅರ್ಧ ವಾಕ್ಯ ಬಿಡುವುದು: ನನ್ನ ವಾಕ್ಯ ಅರ್ಧಕ್ಕೇ ಬರುತ್ತಿಲ್ಲ, ಬಿಡುವುದು ಎಲ್ಲಿಂದ.

ಸಿಟ್ಟು: ಬರುತ್ತದೆ. ಆದರೆ ಬಂದಾಗ ಪಾತ್ರೆ ಉಜ್ಜುತ್ತೇನೆ.

ಕಹಿಬೇವು ಅವರ ಪ್ರಶ್ನೆಗೂ ಉತ್ತರ ಹುಡುಕಿದೆ. ಬಿಟ್ಟರೆ ನಷ್ಟ ಏನೂ ಇಲ್ಲ. ನಿಜ. ಏಳು ವರ್ಷ ಬಿಟ್ಟಿದ್ದೆನಲ್ಲ, ಏನೂ ಆಗಲಿಲ್ಲ. ಅದೇ ನನಗೆ ತಡೆಯಲಾಗುತ್ತಿಲ್ಲ ನೋಡಿ. ಏನೂ ಆಗದೇ ಇದ್ದದ್ದು.

ಅರ್ಜಿ ಅಣ್ಣ (ಮಂಡ್ಯ) · ಜೂನ್ 22, ರಾತ್ರಿ 11:18

ಅಕ್ಕ, ನಾನು ನಿಮ್ಮಷ್ಟು ಓದಿದವನಲ್ಲ. ತಾಲೂಕು ಕಚೇರಿ ಎದುರು ಕೂತು ಅರ್ಜಿ ಬರೆಯುವವನು. ಇಪ್ಪತ್ತೆರಡು ವರ್ಷ ಆಯಿತು. ಪೌತಿ ಖಾತೆ, ಪೋಡಿ, ವೃದ್ಧಾಪ್ಯ ವೇತನ, ಪಹಣಿ ತಿದ್ದುಪಡಿ. ಎಲ್ಲದಕ್ಕೂ ಒಂದೇ ಧಾಟಿ. "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ". ಈಗೀಗ ಜನ ಎಲ್ಲ ಆನ್‌ಲೈನ್ ಅಂತ ಸೈಬರ್ ಅಂಗಡಿಗೆ ಹೋಗುತ್ತಾರೆ. ನನ್ನ ಹತ್ತಿರ ಬರುವವರು ವಯಸ್ಸಾದವರು.

ಹೋದ ಚಳಿಗಾಲದಲ್ಲಿ ಒಬ್ಬ ಅಜ್ಜಿ ಬಂದರು. ಯಜಮಾನರು ತೀರಿಕೊಂಡಿದ್ದರು. ಹದಿನೆಂಟು ಗುಂಟೆ ಜಮೀನು ಹೆಸರಿಗೆ ಆಗಬೇಕಿತ್ತು. ಬರೆದು ಓದಿ ಹೇಳಿದೆ. ಅಜ್ಜಿ ಕೇಳಿ, "ಬೇವಿನ ಮರ ಬರ್ದಿಲ್ವಲ್ಲಪ್ಪ" ಅಂದರು. ಯಾವ ಬೇವಿನ ಮರ ಅಜ್ಜಿ ಅಂದೆ. "ಬದಿನ ಮ್ಯಾಲೆ ಐತಲ್ಲ, ನಾನೇ ನೆಟ್ಟಿದ್ದು. ಬಿಂದಿಗೇಲಿ ನೀರು ಹೊತ್ತಿವ್ನಿ. ಅದ ಬರಿ." ಅದು ಅರ್ಜಿಗೆ ಬೇಕಾಗಿಲ್ಲ ಅಂತ ತಿಳಿಸಿ ಹೇಳಿದೆ. ಕೇಳಲಿಲ್ಲ. ಕೊನೆಗೆ ಚಕ್ಕುಬಂದಿ, ಅಂದರೆ ಜಮೀನಿನ ನಾಲ್ಕು ಕಡೆಯ ಗಡಿ, ಬರೆಯುವ ಕಡೆ ಸೇರಿಸಿದೆ. "ಪೂರ್ವಕ್ಕೆ ಅರ್ಜಿದಾರರು ಸ್ವತಃ ನೆಟ್ಟು ನೀರೆರೆದು ಬೆಳೆಸಿದ ಬೇವಿನ ಮರವಿರುವ ಬದು."

ಅಕ್ಕ, ಆ ಸಾಲು ಬರೆದಾಗ ನನಗೆ ಆದ ಸಂತೋಷ ಹೇಳಲಾರೆ. ನೆಟ್ಟು ಅಂತಷ್ಟೇ ಬರೆಯಲಾ, ನೀರೆರೆದು ಅಂತ ಸೇರಿಸಲಾ ಅಂತ ಪೆನ್ನು ಹಿಡಿದು ಐದು ನಿಮಿಷ ಯೋಚನೆ ಮಾಡಿದೆ. ಹಿಂದೆ ನಿಂತಿದ್ದವರು ಬೈಯುತ್ತಿದ್ದರು. ಕಚೇರಿಯಲ್ಲಿ ಅದನ್ನು ಯಾರೂ ಓದಿರುವುದಿಲ್ಲ, ಗೊತ್ತು. ಅಜ್ಜಿಗೂ ಓದಲು ಬರುವುದಿಲ್ಲ. ಅವತ್ತಿಂದ ಪ್ರತಿ ಅರ್ಜಿಯಲ್ಲೂ ಅಂಥದ್ದು ಒಂದು ಮಾತು ಸಿಗುತ್ತದಾ ಅಂತ ನೋಡುತ್ತೇನೆ. ದಿನಕ್ಕೆ ಒಂದು ಸಿಕ್ಕರೆ ಸಾಕು. ಮನೆಗೆ ಹೋಗುವಾಗ ಸೈಕಲ್ ಹಗುರ ಇರುತ್ತದೆ.

ಮೂರನೇ ಬೆಂಚು · ಜೂನ್ 22, ರಾತ್ರಿ 11:40

ಖಾತೆ ಆಯಿತಾ ಅಜ್ಜಿಗೆ?

ಅರ್ಜಿ ಅಣ್ಣ · ಜೂನ್ 22, ರಾತ್ರಿ 11:44

ಆಯಿತು. ಬೇವಿನ ಮರದಿಂದ ಅಲ್ಲ. ಓಡಾಡಿ ಓಡಾಡಿ ಆಯಿತು.

ಒಗ್ಗರಣೆ ಡಬ್ಬಿ · ಜೂನ್ 29, ಸಂಜೆ 7:15

ಇವತ್ತು ಹೊಸ ತಲೆನೋವು. ಹೊಸದು ಬರದಿದ್ದರೆ ಹೋಗಲಿ, ಹಳೆಯ ಕತೆಯನ್ನಾದರೂ ಇಲ್ಲಿ ಹಾಕೋಣ ಅಂತ ಹಳೇ ಪೆನ್‌ಡ್ರೈವ್ ಹುಡುಕಿ ಆರನೇ ಕತೆ ತೆರೆದೆ. ಬರೀ ಇಂಗ್ಲಿಷ್ ಅಕ್ಷರ, ಮೇಲೆ ಕೊಂಬು ಚುಕ್ಕೆ, ಅಡ್ಡಗೀಟು. ಕನ್ನಡ ಒಂದಕ್ಷರ ಇಲ್ಲ. ಹತ್ತು ವರ್ಷದ ಕೆಲಸ ಹೋಯಿತು ಅಂತ ಕಾಣುತ್ತದೆ. ಅಷ್ಟೇನೂ ಬೇಜಾರಾಗಲಿಲ್ಲ ಅನ್ನುವುದೇ ಬೇಜಾರು.

ಕಗಪ ಕೀಲಿ · ಜೂನ್ 29, ಸಂಜೆ 7:33

ಹೋಗಿಲ್ಲ ಮೇಡಂ, ಗಾಬರಿ ಬೇಡ. ಹಳೆಯ ನುಡಿ ತಂತ್ರಾಂಶದಲ್ಲೋ ಬರಹ ತಂತ್ರಾಂಶದಲ್ಲೋ ಟೈಪ್ ಮಾಡಿದ್ದೀರಿ ಅಲ್ವಾ? ಆ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ತಲೆಕಟ್ಟು ಒಂದು ಕಡೆ, ಕೊಂಬು ಒಂದು ಕಡೆ, ಒತ್ತು ಇನ್ನೊಂದು ಕಡೆ. ಫಾಂಟ್ ಇದ್ದರೆ ಕನ್ನಡವಾಗಿ ಕಾಣುತ್ತದೆ. ಇಲ್ಲದಿದ್ದರೆ ಕೆಳಗಿರುವ ಇಂಗ್ಲಿಷ್ ಮೇಲೆ ಬರುತ್ತದೆ. ಯೂನಿಕೋಡ್ ಬಂದ ಮೇಲೆ ಕನ್ನಡಕ್ಕೆ ಅದರದೇ ಜಾಗ ಸಿಕ್ಕಿತು, ಆ ತೊಂದರೆ ಇಲ್ಲ.

ಹೀಗೆ ಮಾಡಿ. ಮೊದಲು ಫೈಲಿನ ಇನ್ನೊಂದು ಪ್ರತಿ ತೆಗೆದಿಡಿ. ಆಮೇಲೆ ಪಠ್ಯವನ್ನೆಲ್ಲ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ. ಉಚಿತವಾಗಿ ಸಿಗುತ್ತವೆ. ನೂರಕ್ಕೆ ನೂರು ಸರಿ ಬರುವುದಿಲ್ಲ. ಅರ್ಕಾವತ್ತು ಜಾಗ ತಪ್ಪಬಹುದು, 'ವರ್ಷ' ಹೋಗಿ 'ವಷರ್' ಆಗಬಹುದು. ಮಧ್ಯೆ ಇಂಗ್ಲಿಷಿನಲ್ಲಿ ಏನಾದರೂ ಟೈಪ್ ಮಾಡಿದ್ದರೆ ಅದನ್ನೂ ಕನ್ನಡ ಅಂದುಕೊಂಡು ತಿರುಗಿಸಿಬಿಡುತ್ತದೆ. ಕೂತು ಒಂದೊಂದೇ ತಿದ್ದಬೇಕು. ಬೋರಿಂಗ್ ಕೆಲಸ.

ಒಗ್ಗರಣೆ ಡಬ್ಬಿ · ಜುಲೈ 1, ರಾತ್ರಿ 10:20

ಬಂತು! ಬಂತು ಅಂದರೆ ಹೇಗೆ ಬಂತು ಅಂತ ನೋಡಿ. ನನ್ನ ಕತೆಯಲ್ಲಿ 'ಸೂಯರ್' ಮುಳುಗುತ್ತಿದ್ದಾನೆ. ಅತ್ತೆ ಬೆಟ್ಟದಿಂದ ಪ್ರಸಾದ ತಂದು 'ಕಪೂರ್ರ' ಹಚ್ಚುತ್ತಾರೆ. ಎಸ್ಸೆಸ್ಸೆಲ್ಸಿ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೊಡೆದಿದ್ದೆ. ಅದು 'ಖಖಐಅ' ಆಗಿದೆ. "ಅತ್ತೆ ಖಖಐಅ ಪಾಸಾಗಿದ್ದಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ." ಓದಿಕೊಂಡು ಒಬ್ಬಳೇ ನಕ್ಕೆ. ಮನೆಯವರು ಟಿವಿ ಸೌಂಡ್ ಕಮ್ಮಿ ಮಾಡಿ ನೋಡಿದರು.

ಬೆಲ್ಲದ ಅಚ್ಚು · ಜುಲೈ 1, ರಾತ್ರಿ 10:26

ನಾನು ಖಖಐಅ ಎರಡನೇ ಸಲಕ್ಕೆ ಪಾಸು.

ನಿವೃತ್ತ ಮೇಷ್ಟ್ರು · ಜುಲೈ 2, ಬೆಳಿಗ್ಗೆ 5:40

ನಾನು ಮೂವತ್ತೊಂದು ವರ್ಷ ಖಖಐಅ ಪೇಪರ್ ತಿದ್ದಿದ್ದೇನೆ.

ಒಗ್ಗರಣೆ ಡಬ್ಬಿ · ಜುಲೈ 3, ರಾತ್ರಿ 1:10

ಎಲ್ಲರೂ ಮಲಗಿರುತ್ತೀರಿ. ಆದರೂ ಈಗಲೇ ಹೇಳಬೇಕು.

ಎರಡು ರಾತ್ರಿ ಅರ್ಕಾವತ್ತು ತಿದ್ದಿದೆ. ಕಗಪ ಕೀಲಿ ಅವರು ಬೋರಿಂಗ್ ಕೆಲಸ ಅಂದಿದ್ದರು. ನನಗೆ ಯಾಕೋ ಬೋರಾಗಲಿಲ್ಲ. ಅಕ್ಕಿ ಆರಿಸಿದ ಹಾಗೆ. ತಿದ್ದುತ್ತಾ ಹೋದಂತೆ ಒಂದು ಕಡೆ "ಅತ್ತೆ ಗಂಭೀರವಾಗಿ ನೋಡಿದರು" ಅಂತಿತ್ತು. ಅಲ್ಲಿ ಕಾಗುಣಿತ ತಪ್ಪೇನೂ ಇರಲಿಲ್ಲ. ಆದರೂ ಕೈ ನಿಂತಿತು. ನಮ್ಮತ್ತೆ ಯಾವತ್ತು ಗಂಭೀರವಾಗಿ ನೋಡಿದ್ದರು? ಅವರು ಸಿಟ್ಟು ಬಂದರೆ ಸೆರಗಿನ ತುದಿಯಲ್ಲಿ ಕನ್ನಡಕ ಒರೆಸುತ್ತಿದ್ದರು. ಹಾಗಂತ ಬರೆದೆ. ಒರೆಸಿದರು ಅಂತಲೋ, ಒರೆಸತೊಡಗಿದರು ಅಂತಲೋ ಅಂತ ಯೋಚಿಸುತ್ತಾ ಕೂತಾಗ ಅರ್ಜಿ ಅಣ್ಣನ ಐದು ನಿಮಿಷ ನೆನಪಾಯಿತು. ಆ ಹೊತ್ತಿನಲ್ಲಿ ಯಾರು ಓದುತ್ತಾರೆ ಅನ್ನುವ ಪ್ರಶ್ನೆ ಬರಲೇ ಇಲ್ಲ. ಮೊದಲೂ ನನಗೆ ಖುಷಿ ಕೊಡುತ್ತಿದ್ದದ್ದು ಇದೇ ಕೆಲಸ. ಪುಸ್ತಕ, ಹೆಸರು ಎಲ್ಲ ಆಮೇಲೆ ಬಂದು ಅದರ ಮೇಲೆ ಕೂತುಬಿಟ್ಟಿದ್ದವು.

ಇನ್ನೊಂದು ವಿಷಯ. ಇದನ್ನು ಹೇಳಲು ನಾಚಿಕೆ. ಫೈಲಿನ ಕೊನೆಗೆ ಬಂದೆ. ಅದೂ "ಆಗ ಅವಳು" ಅಂತಲೇ ನಿಂತಿದೆ! ಆಮೇಲೆ ನೆನಪಾಯಿತು. ಕೊನೆಯ ಪುಟ ನಾನು ಟೈಪೇ ಮಾಡಿರಲಿಲ್ಲ. ಅವಸರದಲ್ಲಿ ಆಫೀಸಿನ ಲೆಜರ್ ಹಾಳೆಯಲ್ಲಿ ಕೈಯಲ್ಲಿ ಬರೆದು, ಮಧ್ಯೆ ಸೇರಿಸಿ ಡಿಟಿಪಿ ಹುಡುಗನಿಗೆ ಕೊಟ್ಟಿದ್ದೆ. ಕರಡು ತಿದ್ದಲು ಕೊಟ್ಟಾಗ ಆಡಿಟ್ ಸಮಯ ಅಂತ ಸರಿಯಾಗಿ ನೋಡದೆ ಸಹಿ ಹಾಕಿದವಳೂ ನಾನೇ. ಅಂದರೆ ಏಳು ವರ್ಷ ಆ ಪ್ರಕಾಶಕರನ್ನು ಬೈದದ್ದರಲ್ಲಿ ಅರ್ಧ ನನಗೇ ಸೇರಬೇಕು. ಅರ್ಧ ಮಾತ್ರ. 45 ಸಾವಿರದ ಮಾತು ಬೇರೆ.

ಆ ಪುಟದಲ್ಲಿ ಏನು ಬರೆದಿದ್ದೆ ಅಂತ ಒಂದಿಷ್ಟೂ ನೆನಪಿಲ್ಲ. ಹಾಗಾಗಿ ಹೊಸದಾಗಿ ಬರೆದೆ. ಹತ್ತು ಗಂಟೆಗೆ ಕೂತವಳು ಈಗ ಎದ್ದೆ. ಹಾಲಿಗೆ ಹೆಪ್ಪು ಹಾಕುವುದು ಮರೆತಿದ್ದೇನೆ.

ಕಹಿಬೇವು · ಜುಲೈ 3, ಬೆಳಿಗ್ಗೆ 6:55

ಹಾಕಿ ಆ ಪುಟವನ್ನು. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಅನ್ನುತ್ತೇನೆ.

ಒಗ್ಗರಣೆ ಡಬ್ಬಿ · ಜುಲೈ 3, ರಾತ್ರಿ 8:40

ಪೂರ್ತಿ ಹಾಕಲು ಧೈರ್ಯ ಇಲ್ಲ. ಶುರುವಿನ ಭಾಗ ಹಾಕುತ್ತೇನೆ. ಹಿನ್ನೆಲೆ ಇಷ್ಟು: ಕೊನೇ ಆಷಾಢ ಶುಕ್ರವಾರ. ಅತ್ತೆ ಚಾಮುಂಡಿ ಬೆಟ್ಟದಿಂದ ಬಂದು ಜಗುಲಿಯಲ್ಲಿ ಕೂತಿದ್ದಾರೆ. ಓದು ಬರುವುದಿಲ್ಲ ಅಂತ ಮಗನಿಂದ ಕಾಗದ ಓದಿಸಿಕೊಳ್ಳುತ್ತಾ ಬಂದವರು. ಸೊಸೆಗೆ ಅವರ ಟ್ರಂಕಿನಲ್ಲಿ ಅಂಕಪಟ್ಟಿ ಸಿಕ್ಕಿದೆ.

"ಆಗ ಅವಳು ಏನೂ ಮಾತಾಡದೆ ಆ ಹಾಳೆಯನ್ನು ಅತ್ತೆಯ ಮುಂದಿದ್ದ ಮೊರದೊಳಗೆ, ಅವರೆಕಾಯಿ ಸಿಪ್ಪೆಯ ಪಕ್ಕ ಇಟ್ಟಳು. ಸೊಗಡಿನ ವಾಸನೆ ಜಗುಲಿ ತುಂಬಿತ್ತು. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡರು. ಸಂತೆಯಲ್ಲಿ ರೇಟು ಕೇಳುವವರ ಹಾಗೆ ಹಾಳೆಯನ್ನು ದೂರ ಹಿಡಿದು, 'ಗಣಿತ ಎಪ್ಪತ್ತೊಂದು' ಅಂದರು. ಮತ್ತೆ ಕಾಯಿ ಸುಲಿಯತೊಡಗಿದರು. ಸ್ವಲ್ಪ ಹೊತ್ತಾದ ಮೇಲೆ, 'ಎಪ್ಪತ್ತೆರಡು ಬರಬೇಕಿತ್ತು' ಅಂದರು."

ಕಿಟಕಿ ಸೀಟು · ಜುಲೈ 3, ರಾತ್ರಿ 8:52

ಎಪ್ಪತ್ತೆರಡು ಬರಬೇಕಿತ್ತು!! ನಮ್ಮಮ್ಮನೇ.

ಕಹಿಬೇವು · ಜುಲೈ 3, ರಾತ್ರಿ 9:03

'ಸಂತೆಯಲ್ಲಿ ರೇಟು ಕೇಳುವವರ ಹಾಗೆ' ಬೇಡ. ಹಾಳೆ ದೂರ ಹಿಡಿದರು ಅಂದರೆ ಸಾಕು. ಉಳಿದದ್ದು ಇರಲಿ.

ಅರ್ಜಿ ಅಣ್ಣ · ಜುಲೈ 3, ರಾತ್ರಿ 9:10

ಸಿಪ್ಪೆಯ ಪಕ್ಕ ಇಟ್ಟಳು ಅಂದಿರಲ್ಲ ಅಕ್ಕ. ಕೈಗೆ ಕೊಡಲಿಲ್ಲ. ಅದು ಸರಿಯಾಗಿದೆ.

ಬೆಲ್ಲದ ಅಚ್ಚು · ಜುಲೈ 3, ರಾತ್ರಿ 9:24

ಎಲ್ಲ ಸರಿ ಅಕ್ಕ, ಒಂದು ಡೌಟು. ಆಷಾಢದಲ್ಲಿ ಸೊಗಡವರೆ ಎಲ್ಲಿಂದ ಬಂತು? ಸೊಗಡು ಬರಬೇಕಾದರೆ ಮಾಗಿಯ ಇಬ್ಬನಿ ಬೀಳಬೇಕು. ಈಗ ಗಾಡಿಯಲ್ಲಿ ಬರುವುದು ಹೈಬ್ರಿಡ್ ಕಾಯಿ. ಕೈಗೆ ಅಂಟುವುದೂ ಇಲ್ಲ, ವಾಸನೆಯೂ ಇಲ್ಲ.

ಒಗ್ಗರಣೆ ಡಬ್ಬಿ · ಜುಲೈ 3, ರಾತ್ರಿ 9:26

ಅಯ್ಯೋ ಹೌದಲ್ಲ! ಕಾಯಿ ಬದಲಾಯಿಸುತ್ತೇನೆ.

ಒಗ್ಗರಣೆ ಡಬ್ಬಿ · ಜುಲೈ 3, ರಾತ್ರಿ 9:41

ಇಲ್ಲ, ತಡೆಯಿರಿ. ಕಾಯಿ ಹೈಬ್ರಿಡ್ಡೇ ಇರಲಿ. ಸೊಸೆಗೆ ವಾಸನೆ ಬರುವುದಿಲ್ಲ. ಅತ್ತೆಗೆ ಮಾತ್ರ ಬರುತ್ತದೆ. ಆ ಎಸ್ಸೆಸ್ಸೆಲ್ಸಿ ವರ್ಷ ಅವರ ತವರಿನಲ್ಲಿ

ಇರಿ, ಬರೆದುಕೊಂಡು ಬರುತ್ತೇನೆ.